ಇಪ್ಪತ್ತಮೂರನೇ ನಿಮಿಷದ ಚಳಿ

ಜನವರಿ 9, ಮಧ್ಯಾಹ್ನ 1

ನೀರು 5 ಡಿಗ್ರಿ. ಆಳ 14 ಮೀಟರ್. ಕೆಳಗೆ 38 ನಿಮಿಷ. ಎರಡನೇ ಪಂಜರದ ಬಲೆಯಲ್ಲಿ ಒಂದು ತೂತು, ಹೊಲಿದಾಯಿತು. ಸಾಕಿದ ಟ್ರೌಟ್ ಮೀನುಗಳು ಮೂತಿಯಿಟ್ಟು ನೋಡುತ್ತಲೇ ಇದ್ದವು, ತಪಾಸಣೆಗೆ ಬಂದ ಅಧಿಕಾರಿಗಳ ಹಾಗೆ.

ಮೈಮೇಲಿದ್ದದ್ದು: ತೆಳು ಉಣ್ಣೆಯ ಬನಿಯನ್. ಅದರ ಮೇಲೆ ನನ್ನಾಕೆ ಹೆಣೆದ ಒಂಟೆಯುಣ್ಣೆಯ ಅಂಗಿ, ಚಲ್ಲಣ. ಅದರ ಮೇಲೆ ದಪ್ಪ ಒಳಸೂಟು. ಹೊರಗೆ ನೀರು ಒಳಬಿಡದ ಡ್ರೈಸೂಟ್. ಕಾಲುಚೀಲ ಎರಡೇ ಜೊತೆ. ಹೋದ ವರ್ಷ ಒಬ್ಬ ಪ್ರವಾಸಿ ಮಹಾಶಯ ನಾಲ್ಕು ಜೊತೆ ಏರಿಸಿದ್ದ. ಬೂಟು ಬಿಗಿದು, ರಕ್ತ ಓಡದೆ, ಹತ್ತೇ ನಿಮಿಷಕ್ಕೆ ಮೇಲೆ ಬಂದು ಅಳತೊಡಗಿದ. ಬೆಚ್ಚಗಿಡುವುದು ಬಟ್ಟೆಯಲ್ಲ, ಬಟ್ಟೆಯ ನಡುವೆ ನಿಂತ ಗಾಳಿ. ಮೊದಲೇ ಹೇಳಿದ್ದೆ. ಬೆವರಬೇಡ, ಬಿಗಿಯಬೇಡ, ನೆನೆಯಬೇಡ. ಇಷ್ಟೇ ವಿದ್ಯೆ.

ಮೇಲೆ ಬಂದು ಸೂಟು ತಿರುವಿ ನೋಡಿದೆ. ಪೂರ್ತಿ ಒಣ. ಆದರೂ 23ನೇ ನಿಮಿಷಕ್ಕೆ ಬಂದೇ ಬಂತು. ಕತ್ತಿನ ಎಡಬದಿಯಿಂದ ಬೆನ್ನಿಗೆ ತಣ್ಣಗೆ ಒಂದು ಎಳೆ. ದಾರದಷ್ಟು ಸಪೂರ. ಮೂರು ಚಳಿಗಾಲದಿಂದ ಹೀಗೇ. ಬರೆದಿಡುವುದು ಬಿಟ್ಟರೆ ಇನ್ನೇನು ಮಾಡಲಿ...

ಜನವರಿ 12

ಮೀನು ಫಾರಂನವರಿಗೆ ಇನ್ನೊಬ್ಬ ಮುಳುಗುವವ ಬೇಕಂತೆ. ನನ್ನ ಬಲಭುಜ ಈಗ ಅರ್ಧ ದಿನದ ಕೂಲಿಯಾಳು, ಮಧ್ಯಾಹ್ನದ ಮೇಲೆ ಕೆಲಸ ಮಾಡುವುದಿಲ್ಲ. ಯಾರು ಸಿಕ್ಕಿದ್ದಾರೆ ಎಂದು ಕೇಳಿದೆ. ಕಾನಿಶಾಯ್ ಎಂದರು.

ಜುಮಾದಿಲನ ಮಗಳು. ಇಪ್ಪತ್ತನಾಲ್ಕು ವರ್ಷ. ಫಾರಂನಲ್ಲಿ ಮೀನಿಗೆ ಮೇವು ಅಳೆಯುತ್ತಾಳೆ. ಎರಡು ಬೇಸಿಗೆ ಉತ್ತರ ದಡದಲ್ಲಿ ಮುಳುಗು ಕಲಿತು ಬಂದಿದ್ದಾಳೆ. ಚಳಿಗಾಲದ ನೀರು ಗೊತ್ತಿಲ್ಲ. ಹೆಸರಿಗೇನೋ ನಮ್ಮ ಇಸ್ಸಿಕ್-ಕುಲ್ ಬಿಸಿ ಸರೋವರ. ಹೆಪ್ಪುಗಟ್ಟುವುದಿಲ್ಲ ಎಂಬ ಒಂದೇ ಗುಣಕ್ಕೆ ಅಷ್ಟು ದೊಡ್ಡ ಬಿರುದು.

ಕಲಿಸಲು ನನಗಿಂತ ತಕ್ಕವರಿಲ್ಲವಂತೆ. ಅವಳಪ್ಪನ ಜೊತೆ ಹದಿನಾಲ್ಕು ವರ್ಷ ಮುಳುಗಿದವನು ನಾನು. ಮೂರು ಚಳಿಗಾಲದ ಹಿಂದೆ, ಫೆಬ್ರವರಿ 22ರಂದು, ಅವನು ನಾಲ್ಕನೇ ಪಂಜರದ ಬಲೆಗೆ ಸಿಕ್ಕಿ ಸತ್ತಾಗ ದೋಣಿಯಲ್ಲಿ ಹಗ್ಗ ಹಿಡಿದು ಕೂತಿದ್ದವನೂ ನಾನೇ. ವೈದ್ಯರು ಹೃದಯ ಎಂದು ಬರೆದರು. ಅವನ ತಾಯಿ ಬುರುಲ್ಕನ್‌ಗೆ, ನಾವೆಲ್ಲ ಅಪಾ, ಅಮ್ಮ ಎನ್ನುವವಳಿಗೆ, ನಾನೂ ಹೃದಯ ಎಂದೆ.

ಆಗಲಿ ಎಂದು ಒಪ್ಪಿದೆ. ಬಾಯಿಂದಲೇ ಬದುಕು ಕಟ್ಟಿದವನು. ಬಸ್ಸಿನ ಕಿಟಕಿಗೆ ಒಣಮೀನು ಮಾರುತ್ತ ಶುರುಮಾಡಿ, ಪ್ರವಾಸಿಗರ ಬಿದ್ದ ಉಂಗುರ ಎತ್ತಿಕೊಡುತ್ತ ಇಲ್ಲಿಗೆ ಬಂದೆ. 'ಆಗುವುದಿಲ್ಲ' ಎಂಬ ಮಾತು ಮಾತ್ರ ಈ ಬಾಯಿಗೆ ಬರುವುದಿಲ್ಲ.

ಜನವರಿ 17

ಹಗ್ಗದ ಪಾಠ, ನೆಲದ ಮೇಲೆ. ಮೇಲಿನಿಂದ ಒಂದು ಜಗ್ಗು: ಹೇಗಿದ್ದೀಯ. ಕೆಳಗಿನಿಂದ ಒಂದು: ಸರಿಯಿದ್ದೇನೆ. ಕೆಳಗಿನಿಂದ ಎರಡು: ಚಳಿ, ಎಳೆದುಕೋ. ನಾನು ಫಾರಂ ಅಂಗಳದ ಈ ತುದಿ, ಅವಳು ಆ ತುದಿ, ಕಣ್ಣು ಮುಚ್ಚಿಕೊಂಡು. ಮೇವಿನ ಗಾಡಿಯವರು ನಿಂತು ನಕ್ಕರು. ನನ್ನ ಹೆಸರು ಹಿಡಿದು, ತಾಬಿಲ್ದಿಗೆ ಕೊನೆಗೂ ಒಂದು ಕುದುರೆ ಸಿಕ್ಕಿತು ಎಂದರು.

ಹುಡುಗಿಯ ಕೈ ಚುರುಕು. ಹಗ್ಗ ಸುತ್ತುತ್ತ ಕೇಳಿದಳು:

"ಬಾಯ್ಕೆ, ಮೂರು ಜಗ್ಗಿದ್ರೆ ಏನು?"

"ಮೂರು ಇಲ್ಲ."

"ಇತ್ತಲ್ಲ. ಅಪ್ಪ ನನ್ನ ಜಡೆ ಹಿಡಿದು ಮೂರು ಸಲ ಜಗ್ಗೋರು. ತಡ್ಕೊ, ಇನ್ನು ಸ್ವಲ್ಪ ಅಂತ. ದೋಣೀಲಿ ನೀವು ಹಾಗೇ ಮಾಡೋದು ಅಂದಿದ್ರು."

"ಅದು ಹಳೇದು. ಈಗ ಯಾರೂ ಮಾಡಲ್ಲ."

ಅವಳ ಅಪ್ಪನಷ್ಟು ವಯಸ್ಸಾದರೂ ನನ್ನನ್ನು ಅಣ್ಣ ಎಂದೇ ಕರೆಯುತ್ತಾಳೆ, ಬಾಯ್ಕೆ. ಚಿಕ್ಕವಳಿದ್ದಾಗಿನ ಅಭ್ಯಾಸ. ಇವತ್ತು ಆ ಪದ ಚುಚ್ಚಿತು.

ಜನವರಿ 26, ಸಂಜೆ 4

ಇವತ್ತು ಸೂಟು ಹಾಕುವ ಪಾಠ. ಗಂಟಲಿನ ರಬ್ಬರು ಪಟ್ಟಿಗೆ ಪೌಡರು ಹಚ್ಚುವುದು, ಒಳಗೆ ಒಂದು ಕೂದಲೆಳೆಯೂ ಸಿಕ್ಕದ ಹಾಗೆ ಬೆರಳಿನಿಂದ ಸುತ್ತ ನೇವರಿಸುವುದು. ಅವಳು ಕಾಲರ್ ಬಿಚ್ಚಿದಳು. ಗಂಟಲಿಗೆ ಅಂಟಿಕೊಂಡ ಹಾಗೆ ಒಂದು ದಾರ. ಚರ್ಮದ ಮುಕ್ಕೋನದ ತಾಯತ. ದಾರಕ್ಕೆ ಮೂರು ಗಂಟು.

ಪೌಡರು ಡಬ್ಬಿ ಕೈಯಿಂದ ಜಾರಿತು.

ಇದು ಪಟ್ಟಿಯ ಅಡಿಗೆ ಬರುತ್ತದೆ, ದಾರದ ಗುಂಟ ನೀರು ಒಳಗೆ ನಡೆಯುತ್ತದೆ ಎಂದೆ. ಅದು ಅವಳಿಗೂ ಗೊತ್ತು.

"ಗೊತ್ತು ಬಾಯ್ಕೆ. ಬಿಚ್ಚಲ್ಲ. ಅಪ್ಪ ಆವತ್ತು ಬಿಚ್ಚಿಟ್ಟು ಹೋಗಿದ್ರಲ್ಲ. ಅಜ್ಜಿ ಮೈ ತೊಳೆಸೋವಾಗ ಮುಟ್ಟಿ ನೋಡಿದ್ದಾರೆ, ಕತ್ತು ಬರಿದಾಗಿತ್ತಂತೆ. ತಲೆ ಮೇಲಿಂದ ತೆಗೆಯೋಕೆ ಆಗಬಾರದು ಅಂತ ನಂಗೆ ಗಿಡ್ಡ ಕಟ್ಟಿದ್ದಾರೆ. ಸ್ವಲ್ಪ ನೆನೆದ್ರೆ ನೆನೀತೀನಿ ಬಿಡಿ. ಮಾತು ಕೊಟ್ಟಿದೀನಿ."

ಪಾಠ ಅಲ್ಲಿಗೇ ನಿಲ್ಲಿಸಿದೆ. ಭುಜದ ನೋವು ಎಂದು ಹೇಳಿದೆ.

ಇಲ್ಲಿ ಬರೆಯದೆ ಇನ್ನೆಲ್ಲಿ ಬರೆಯಲಿ. ಜುಮಾದಿಲ್ ಬಿಚ್ಚಿರಲಿಲ್ಲ. ಹದಿನಾಲ್ಕು ವರ್ಷ ಆ ತಾಯತ ಉದ್ದ ದಾರದಲ್ಲಿ ಎದೆಯ ಮೇಲೆ ತೂಗುತ್ತಿತ್ತು, ಸೂಟಿನೊಳಗೆ ಬೆಚ್ಚಗೆ, ಯಾರಿಗೂ ತೊಂದರೆಯಿಲ್ಲದೆ. ಆ ಬೆಳಿಗ್ಗೆ ದಾರ ಹರಿದಿತ್ತು. ಅಪಾ ಕೈಗೆ ಸಿಕ್ಕ ತುಂಡು ದಾರದಲ್ಲಿ ಗಂಟಲಿಗೇ ಕಟ್ಟಿ ಕಳಿಸಿದ್ದಳು. ಪಟ್ಟಿ ಕೂರಿಸಿದವನು ನಾನು. ಕಂಡೆ. ಅಮ್ಮ ಕಟ್ಟಿದ್ದು ಎಂದ. ದಾರಕ್ಕೇನು ಮಹಾ ಎಂದು ನಾನೇ ಬೆರಳಿನಿಂದ ಒಳಕ್ಕೆ ತಳ್ಳಿದೆ.

ಒಂಟೆಯುಣ್ಣೆ ಒಣಗಿದ್ದರೆ ಒಲೆ. ನೆನೆದರೆ ಅದೇ ಮಂಜುಗಡ್ಡೆ. ಬೆರಳು ಮರಗಟ್ಟಿ ಚಾಕು ಜಾರಿ ಬಿದ್ದಿತ್ತು. ಸಿಕ್ಕಿಕೊಂಡ ಬಲೆಯನ್ನು ಕೊಯ್ಯಲಾಗಲಿಲ್ಲ. ಮೇಲೆತ್ತಿದಾಗ ಯಾರಿಗೂ ಕಾಣುವ ಮೊದಲು ದಾರ ಕತ್ತರಿಸಿ ತಾಯತವನ್ನು ಜೇಬಿಗೆ ಹಾಕಿಕೊಂಡೆ. ತಾಯಿಗೆ ತಿಳಿಯದಿರಲಿ ಎಂದು. ಹಾಗೆಂದು ನನಗೆ ನಾನೇ ಹೇಳಿಕೊಂಡೆ. ನನ್ನ ಬೆರಳಿನ ವಿಷಯವೂ ತಿಳಿಯಲಿಲ್ಲ, ಅದು ಲಾಭದ ಬಾಬ್ತು.

ಪೌಡರು ಡಬ್ಬಿಯ ತಳದಲ್ಲಿದೆ ಅದು. ಬೆಳ್ಳಗಾಗಿ. ಪ್ರತಿ ಸಲ ಮುಳುಗುವ ಮೊದಲು ಬೆರಳಿಗೆ ತಾಗುತ್ತದೆ. ಪೌಡರಿನಲ್ಲಿ ಮೂರು ವರ್ಷ ಕೂತರೂ ಚರ್ಮದ ತೇವ ಆರಿಲ್ಲ.

ಫೆಬ್ರವರಿ 2

ಬುರುಲ್ಕನ್ ಅಪಾ ಮನೆಗೆ ಹೋಗಿದ್ದೆ. ಉಪ್ಪು ಹಾಕಿದ ಹಾಲಿನ ಚಹಾ, ಆಗಷ್ಟೇ ಕರಿದ ಹಿಟ್ಟಿನ ತುಂಡು, ಬೋರ್ಸೋಕ್. ಒಂದು ಉಪಾಯ ಹೊಂದಿಸಿಕೊಂಡು ಹೋಗಿದ್ದೆ: ತಾಯತವನ್ನು ಒಳಸೂಟಿನ ಎದೆಗೇ ಹೊಲಿದುಬಿಡೋಣ, ಭದ್ರವಾಗಿಯೂ ಇರುತ್ತದೆ, ಎದೆಗೆ ಹತ್ತಿರವಾಗಿಯೂ ಇರುತ್ತದೆ. ಹಿಂದೆ ಸೈನಿಕರು ಹಾಗೇ ಮಾಡುತ್ತಿದ್ದರು ಎಂದು ಒಂದು ಕತೆಯನ್ನೂ ಸೇರಿಸಿದೆ. ಆ ಕತೆ ಅಲ್ಲಿಯೇ ಹುಟ್ಟಿದ್ದು.

ಅಪಾ ಕೇಳಿಸಿಕೊಂಡಳು. ಮಂಜಾದ ಕಣ್ಣು ನನ್ನ ಕಡೆಗೇ ಇತ್ತು.

"ಬಟ್ಟೆ ಬಿಚ್ಚಿದ್ರೆ ಅದೂ ಬಿಚ್ಚಿ ಹೋಗುತ್ತೆ ಮಗನೇ. ಕತ್ತಲ್ಲಿದ್ರೇ ಕಾಯೋದು. ಜುಮಾದಿಲ್‌ಗೂ ಯಾರೋ ಹೀಗೇ ಬುದ್ಧಿ ಹೇಳಿರಬೇಕು."

ಇನ್ನೊಂದು ಬೋರ್ಸೋಕ್ ಬಾಯಿಗೆ ಹಾಕಿಕೊಂಡೆ. ಇಡೀ ದಡದಲ್ಲಿ ನನ್ನ ಮಾತಿಗೆ ಸೋಲದ ಹೆಂಗಸು ಇವಳೊಬ್ಬಳೇ.

ಫೆಬ್ರವರಿ 18

ಹದಿನಾರು ದಿನ ಬರೆದಿಲ್ಲ. ಕಾನಿಶಾಯ್ ಮುಳುಗುವುದನ್ನು ಮೂರು ಸಲ ಮುಂದೂಡಿದೆ. ಒಮ್ಮೆ ಗಾಳಿ. ಒಮ್ಮೆ ಸೂಟಿನ ಜಿಪ್ಪು. ಒಮ್ಮೆ ನನ್ನ ಜ್ವರ, ಅದು ಸುಳ್ಳೆಂದು ನನ್ನಾಕೆಗೂ ಗೊತ್ತು. ಇನ್ನು ಮುಂದೂಡಿದರೆ ಫಾರಂನವರು ಹಗ್ಗಕ್ಕೆ ಬೇರೆಯವನನ್ನು ಕೂರಿಸುತ್ತಾರೆ. ಅವನು ಆ ದಾರವನ್ನು ನೋಡುವುದೂ ಇಲ್ಲ. 22ನೇ ತಾರೀಖು ಎಂದರು. ಬೇಡ ಎಂದೆ. 24ಕ್ಕೆ ನಿಗದಿಯಾಯಿತು. ನಾಲ್ಕನೇ ಪಂಜರ.

ನಾನು ಇವತ್ತು ಮುಳುಗಿದೆ. 4 ಡಿಗ್ರಿ, 31 ನಿಮಿಷ, ಒಣ. 23ಕ್ಕೆ ಎಳೆ ಬಂತು. ಈ ಸಲ ಬೆನ್ನಿಗೆ ನಿಲ್ಲಲಿಲ್ಲ, ಸೊಂಟದವರೆಗೆ ಇಳಿಯಿತು.

ಮನೆಗೆ ಬಂದು ಹಗ್ಗವನ್ನು ಶೆಡ್ಡಿನ ಮೊಳೆಗೆ ನೇತುಹಾಕಿದೆ. ಕೈ ಇನ್ನೂ ಹಗ್ಗದ ಮೇಲಿತ್ತು. ಎರಡು ಜಗ್ಗು ಬಂತು. ಕೆಳತುದಿ ಖಾಲಿ ನೆಲದ ಮೇಲೆ ಬಿದ್ದಿತ್ತು. ಬೆಕ್ಕೂ ಇರಲಿಲ್ಲ, ಹುಡುಕಿದೆ.

ಫೆಬ್ರವರಿ 21, ಬೆಳಿಗ್ಗೆ 11

ಹೋದೆ. ಡಬ್ಬಿ ತೆಗೆದುಕೊಂಡೇ ಹೋದೆ. ಪೌಡರು ಕೊಡವಿ ತಾಯತವನ್ನು ಅಪಾಳ ಅಂಗೈಯಲ್ಲಿಟ್ಟೆ. ಕಣ್ಣು ಕಾಣದಿದ್ದರೂ ಬೆರಳು ತನ್ನ ಹೊಲಿಗೆಯನ್ನು ಹಿಡಿಯಿತು.

"ಎಲ್ಲಿತ್ತು ಇದು?"

"ಅವನ ಕತ್ತಲ್ಲಿತ್ತು ಅಪಾ. ನಾನೇ ತೆಗೆದಿದ್ದೆ."

"ಅಂದ್ರೆ ಅವನು ಬಿಚ್ಚಿರಲಿಲ್ವಾ?"

"ಇಲ್ಲ."

ಮುಂದಿನ ಮಾತಿಗೆ ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅವಳು ನನ್ನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಹಣೆಗೆ ಮುತ್ತಿಟ್ಟಳು. ನನ್ನ ಮಾತು ಮೀರಿರಲಿಲ್ಲ ನನ್ನ ಮಗ ಎಂದು ಅತ್ತಳು. ಮೂರು ವರ್ಷ ಅವನ ಮೇಲಿದ್ದ ಮುನಿಸು ಅತ್ತು ಕರಗಿತು. ಆ ಹೊತ್ತಿಗೆ ಉಳಿದರ್ಧ ಹೇಗೆ ಹೇಳುವುದು? ಚಹಾ ಕುಡಿದು ಎದ್ದು ಬಂದೆ. ಅರ್ಧ ಸತ್ಯ ಹೇಳಿ ಹಗುರಾದ ಹಾಗನ್ನಿಸಿತು. ಮೋಸದ ತಕ್ಕಡಿ.

ಫೆಬ್ರವರಿ 23, ಬೆಳಿಗ್ಗೆ 9

ಕಾನಿಶಾಯ್ ಸೂಟು ಒಯ್ಯಲು ಬಂದಿದ್ದಳು. ಮುಖವೆಲ್ಲ ನಗು. ಅಜ್ಜಿ ಮೂರು ವರ್ಷದಲ್ಲಿ ಮೊದಲ ಸಲ ಹಾಡಿಕೊಂಡರಂತೆ.

"ಅಪ್ಪ ಕೊನೇವರೆಗೂ ಬಿಚ್ಚಲಿಲ್ಲ ಅಂತ ನೀವೇ ಹೇಳಿದ್ರಂತೆ. ಇನ್ನು ನಾನು ಬಿಚ್ತೀನಾ?"

ಕಾಲರ್ ಸರಿಸಿ ತೋರಿಸಿದಳು. ಅಪ್ಪನ ತಾಯತವನ್ನೂ ಅದೇ ದಾರಕ್ಕೆ ಪೋಣಿಸಿ ಕಟ್ಟಿದ್ದಾಳೆ ಮುದುಕಿ. ಗಂಟು ಈಗ ನಾಲ್ಕು.

ನಾಳೆ ಬೆಳಿಗ್ಗೆ ಹತ್ತಕ್ಕೆ ಅವಳು ಇಳಿಯಬೇಕು. ಕತ್ತರಿ ಹಿಡಿದು ಬಲವಂತವಾಗಿ ಕತ್ತರಿಸಲೇ? ಮನೆಗೆ ಹೋದರೆ ಅಪಾ ಮತ್ತೆ ಕಟ್ಟುತ್ತಾಳೆ. ದಾರ ಇರುವುದು ಕತ್ತಿನಲ್ಲಲ್ಲ, ಆ ಮನೆಯಲ್ಲಿ. ಹುಡುಗಿಯನ್ನೇ ಜೊತೆಗೆ ಕರೆದುಕೊಂಡು ಹೊರಟಿದ್ದೇನೆ. ಮುಳುಗಿನ ಹೊತ್ತು, ಹಗ್ಗದ ಜಗ್ಗು ಬರೆದಿಡುವ ಲೆಕ್ಕದ ಪುಸ್ತಕವೂ ಕಂಕುಳಲ್ಲಿದೆ, ಯಾಕೋ ಗೊತ್ತಿಲ್ಲ.

ಮಧ್ಯಾಹ್ನ 3

ಹೇಳಿದೆ. ದಾರ, ರಬ್ಬರು ಪಟ್ಟಿ, ನನ್ನ ಬೆರಳು, ನೆನೆದ ಉಣ್ಣೆ, ಚಾಕು, ಜೇಬು. ಒಂದು ಅಲಂಕಾರವಿಲ್ಲದೆ. ಇಷ್ಟು ಕಡಿಮೆ ಮಾತಿನಲ್ಲಿ ನಾನು ಯಾವತ್ತೂ ಏನನ್ನೂ ಮುಗಿಸಿದವನಲ್ಲ.

ಕಾನಿಶಾಯ್ ಗೋಡೆಗೆ ಒರಗಿ ನಿಂತಳು. ಅಪಾ ಅಳಲಿಲ್ಲ. ಬಯ್ಯಲೂ ಇಲ್ಲ. ಬೈದಿದ್ದರೆ ಉತ್ತರ ಕೊಡಬಹುದಿತ್ತು. ಮೊಮ್ಮಗಳನ್ನು ಹತ್ತಿರ ಕರೆದು, ತಲೆಯನ್ನು ತೊಡೆಯ ಮೇಲಿರಿಸಿಕೊಂಡು, ಗಂಟುಗಳನ್ನು ಒಂದೊಂದಾಗಿ ಬಿಚ್ಚಿದಳು. ಕತ್ತರಿ ಕೊಡಲು ಹೋದೆ. ಬೇಡ ಎಂದು ಕೈ ಅಲ್ಲಾಡಿಸಿದಳು. ನಾಲ್ಕನೇ ಗಂಟಿಗೆ ಉಗುರು ಮುರಿಯಿತು. ಆಮೇಲೆ ಸೂಜಿಗೆ ದಾರ ಪೋಣಿಸಿಕೊಡು ಎಂದು ನನಗೆ ಕೊಟ್ಟಳು. ಎರಡೂ ತಾಯತವನ್ನು ಉಣ್ಣೆಯಂಗಿಯ ಎದೆಗೆ ಹೊಲಿದಳು. ಕಣ್ಣು ಮುಚ್ಚಿಕೊಂಡು, ಸಣ್ಣ ಹೊಲಿಗೆ, ನೇರ.

ಎದ್ದೆ. ಬಾಗಿಲ ತನಕ ಬಂದಿದ್ದೆ.

"ತಾಬಿಲ್ದಿ."

ಮಗನೇ ಎನ್ನಲಿಲ್ಲ.

"ಅವನಿಗೆ ಎಷ್ಟು ಹೊತ್ತು ಚಳಿಯಾಯ್ತು? ನೀನು ಎಲ್ಲಾ ಬರೆದಿಡೋನು. ಓದು."

ಹುಡುಗಿಯೂ ತಲೆಯೆತ್ತಿ ನನ್ನ ಕಡೆ ನೋಡಿದಳು. ಜಡೆ ಮುಂದಕ್ಕೆ ಬಿದ್ದಿತ್ತು.

ಪುಸ್ತಕ ತೆರೆದೆ. ಮೂರು ವರ್ಷದಿಂದ ತೆರೆಯದ ಪುಟ. ನನ್ನದೇ ಅಕ್ಷರ, ನನ್ನದೇ ನೀಟಾದ ಗೆರೆಗಳು. ಜೋರಾಗಿ ಓದಿದೆ.

10:12, ಇಳಿದ.

10:20, ಒಂದು. ಉತ್ತರ ಒಂದು.

10:35, ಕೆಳಗಿನಿಂದ ಎರಡು.

10:35, ಮೇಲಿನಿಂದ ಮೂರು.