ಒದ್ದೆ ಬಟ್ಟೆಯಲ್ಲಿ ಕಟ್ಟಿದ ಬೀಜ

ಶುಕ್ರವಾರ, ಮಧ್ಯಾಹ್ನ

ನಮ್ಮ ಮನೆಯವರಿಗೆ ನಮಸ್ಕಾರ.

ಇವತ್ತು ನನ್ನ ವಾರದ ಉಪವಾಸ. ಒಲೆ ಹಚ್ಚುವ ಕೆಲಸವಿಲ್ಲ, ಅದಕ್ಕೇ ಬರೆಯಲು ಹೊತ್ತು ಸಿಕ್ಕಿತು. ಬೆಳಿಗ್ಗೆ ಎದ್ದು ಕಸ ಗುಡಿಸಿ, ಹಸುವಿಗೆ ಹುಲ್ಲು ಹಾಕಿ, ನೀರು ತುಂಬಿಸಿ, ದೇವರಿಗೆ ದೀಪ ಹಚ್ಚಿ ಅಲ್ಲೇ ಕೂತಿದ್ದೇನೆ. ಹಸು ಮುದಿಯಾಯಿತು. ಏಳುವಾಗ ಅದೂ ನರಳುತ್ತದೆ, ನಾನೂ ನರಳುತ್ತೇನೆ. ಮನೆಯಲ್ಲಿ ಮಾತುಕತೆ ಅಂದರೆ ಈಗ ಇಷ್ಟೇ.

ಹತ್ತು ದಿನದ ಹಿಂದೆ ಇಟ್ಟಿಗೆ ಗೂಡಿನ ಗುಮಾಸ್ತ ಬಂದು ನೀವು ಕಳಿಸಿದ ಕಾಗದ ಕೊಟ್ಟ. ನಮ್ಮ ಹೊಲದ ಮೇಲ್ಮಣ್ಣನ್ನು ಮೂರು ಅಡಿ ತೆಗೆದುಕೊಳ್ಳಲು ಒಪ್ಪಿಗೆ ಅಂತ ಇದೆ. ಕೆಳಗೆ ನಿಮ್ಮ ರುಜು ಇದೆ. ಹೊಲ ಇಬ್ಬರ ಹೆಸರಲ್ಲಿರುವುದರಿಂದ ನನ್ನದೂ ಬೇಕಂತೆ. ನೀವು ಮನೆ ಬಿಟ್ಟ ನಾಲ್ಕು ವರ್ಷದಲ್ಲಿ ನಿಮ್ಮ ಕೈಬರಹ ನೋಡಿದ್ದು ಅದೇ ಮೊದಲು. ಅದಕ್ಕೇ ಎರಡು ಸಲ ಓದಿದೆ. ನೀವು ಕೆಲಸ ಮಾಡುವ ಮರದ ಮಿಲ್ಲಿನ ವಿಳಾಸ ಲಕೋಟೆ ಮೇಲಿತ್ತು, ಅಲ್ಲಿಗೇ ಇದನ್ನು ಹಾಕುತ್ತಿದ್ದೇನೆ.

ನಮ್ಮ ಎಡಬಲದ ಹೊಲಗಳನ್ನು ಗೂಡಿನವರು ಆಗಲೇ ತೋಡಿದ್ದಾರೆ. ನಮ್ಮದು ನಡುವೆ ಜಗಲಿಯ ಹಾಗೆ ಎತ್ತರದಲ್ಲಿ ನಿಂತಿದೆ. ಉಳಲು ಟ್ರ್ಯಾಕ್ಟರಿನವನನ್ನು ಕೇಳಿದರೆ ಹತ್ತಲು ದಾರಿ ಎಲ್ಲಿದೆ, ಹಕ್ಕಿಯ ಹಾಗೆ ಹಾರಿ ಬರಲಾ ಅಂದ. ಗುದ್ದಲಿ ಹಿಡಿದು ನಾನೇ ಒಂದು ಮೂಲೆ ಅಗೆದೆ. ಸೊಂಟ ಹಿಡಿದು ಎರಡು ದಿನ ಮಲಗಿದೆ.

ನನಗೆ ಏನು ಹುಚ್ಚೋ, ಕಾಗದ ಬಂದ ಮರುದಿನವೇ ಬೀಜದಂಗಡಿಗೆ ಹೋಗಿದ್ದೆ. ಪಾಳು ಬಿದ್ದ ನೆಲಕ್ಕೆ ಹಾಕುವ ಕಾಳಿನ ಮಿಶ್ರಣ ಕೇಳಿದೆ. ಅಂಗಡಿಯ ಮುದುಕಿ ಒಂಬತ್ತು ಬಗೆಯ ಬೀಜ ಸೇರಿಸಿದ ಚೀಲ ತೋರಿಸಿದಳು, ಮೇಲೆ ಹಸಿರು ಹೊಲದ ಚಿತ್ರ. ಬೆಲೆ ಕೇಳಿ ನಾನು ಚೀಲ ಕೆಳಗಿಟ್ಟದ್ದು ನೋಡಿ ಅವಳೇ ಅಂದಳು, ಅರ್ಧ ದುಡ್ಡು ಚಿತ್ರಕ್ಕೇ ಕಣಮ್ಮ, ಚಿತ್ರ ಬಿತ್ತೋಕಾಗುತ್ತಾ? ಹಸಿದವನಿಗೆ ಮದುವೆ ಊಟ ಬೇಕಿಲ್ಲ, ಗಂಜಿ ಸಾಕು ಅಂತ ಬಿಡಿ ಬೀಜದ ಮೂಟೆ ಬಿಚ್ಚಿದಳು. ಹೆಸರುಕಾಳು ತುಟ್ಟಿ, ಬಿಟ್ಟೆ. ಹುರುಳಿ ಎರಡು ಪಾಲು, ಅದು ಇಬ್ಬನಿ ಕುಡಿದೇ ಬದುಕುತ್ತದೆ. ಅಲಸಂದೆ ಒಂದು ಪಾಲು, ಹಬ್ಬಿ ನೆಲ ಮುಚ್ಚಲಿ ಅಂತ. ಕಳೆಯ ಮೇಲೆ ನೆರಳು ಬೀಳುವಂತೆ ಎತ್ತರ ಬೆಳೆಯಲು ಹಸಿರುಗೊಬ್ಬರದ ಸೆಣಬು ಒಂದು ಪಾಲು. ಹೂ ಬಿಟ್ಟ ಕೂಡಲೇ ಎಲ್ಲ ಮಗುಚಿ ಮಣ್ಣಿಗೆ ಸೇರಿಸಬೇಕು. ನಮಗೆ ತಿನ್ನಲಿಕ್ಕಲ್ಲ, ನೆಲಕ್ಕೆ ಉಣಿಸಲಿಕ್ಕೆ.

ಬಿಡಿ ಬೀಜ ನಂಬಬಾರದಲ್ಲ. ಇಪ್ಪತ್ತಿಪ್ಪತ್ತು ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿ ನೀರಿನ ಕೊಡದ ಕೆಳಗಿಟ್ಟೆ. ಅಲಸಂದೆ ಹದಿನೆಂಟು, ಹುರುಳಿ ಹದಿನಾರು, ಸೆಣಬು ಇಪ್ಪತ್ತೂ ಮೊಳೆತವು. ಮೊಳೆತದ್ದರಲ್ಲಿ ಒಂದಿಷ್ಟನ್ನು ನಮ್ಮ ಹೊಲದ ಮಣ್ಣು ತುಂಬಿದ ಒಡಕು ಮಡಕೆಗೆ ಊರಿದೆ. ಇವತ್ತು ಬೆಳಿಗ್ಗೆ ನೋಡಿದರೆ ನಾಲ್ಕು ಬೆರಳೆತ್ತರ ಎದ್ದಿವೆ.

ನೆಲ ಸತ್ತಿದೆ ಅಂತ ನೀವು ಹೇಳಿದಿರಿ, ಅದು ಸತ್ತಿಲ್ಲ. ಬಡವಾಗಿದೆ, ಅಷ್ಟೇ. ಎರಡು ವರ್ಷ ಇಳುವರಿ ಇಳಿದದ್ದು ನಿಜ. ಹಾಗಾದರೆ ಕೊನೆಯ ವರ್ಷ ಒಂದು ಮೊಳಕೆಯೂ ಏಕೆ ಏಳಲಿಲ್ಲ ಅಂತ ಕೇಳುತ್ತೀರಿ. ಆ ಮಾತಿಗೆ ಆಮೇಲೆ ಬರುತ್ತೇನೆ. ಆ ವರ್ಷ ಒಂದು ದಿನ ನೀವು ಅಂಗಳದಲ್ಲಿ ಕಾಲು ತೊಳೆಯುತ್ತಾ ಆಡಿದ ಮಾತು ಮಾತ್ರ ನೆನಪಿದೆ. "ಈ ಮನೇಲಿ ಯಾವುದೂ ಮೊಳೆಯೋದಿಲ್ಲ ಬಿಡು." ನೆಲಕ್ಕೆ ಅಂದಿರೋ, ನನಗೆ ಅಂದಿರೋ, ದೇವರು ನಮಗೆ ಮಕ್ಕಳು ಕೊಡದಿದ್ದಕ್ಕೆ ಅಂದಿರೋ, ಕೇಳಲಿಲ್ಲ. ಕೇಳಿ ಆಗಬೇಕಾದದ್ದೇನು.

ಬಿತ್ತಿದರೂ ಎಷ್ಟು ದಿನದ ಮಾತು, ನನಗೂ ಗೊತ್ತು. ಎರಡೂ ಕಡೆ ಹೊಂಡ, ಹಸಿ ನಿಲ್ಲುವುದಿಲ್ಲ. ಒಂದು ದೊಡ್ಡ ಮಳೆಗೆ ಅಂಚು ಕುಸಿಯುತ್ತದೆ. ನಾನು ಏನನ್ನೂ ಉಳಿಸುತ್ತೇನೆ ಅನ್ನುತ್ತಿಲ್ಲ. ಹೋಗುವ ನೆಲ ಒಂದು ಹೊತ್ತು ಉಂಡು ಹೋಗಲಿ ಅಂತ ಆಸೆ.

ಅಲ್ಲಿ ಮರದ ಧೂಳಿಗೆ ನಿಮ್ಮ ಕೆಮ್ಮು ಹೆಚ್ಚಿರಬೇಕು. ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ.

ಇಂತಿ,
ನಿಮ್ಮ ಮನೆಯಾಕೆ

ತಾ.ಕ.: ಆ ಮಾತಿಗೆ ಬಾರದೆಯೇ ಕಾಗದ ಮಡಚಿದ್ದೆ. ದೀಪದ ಮುಂದೆ ಕೂತು ಬರೆದದ್ದು, ಮನಸ್ಸು ತಡೆಯಲಿಲ್ಲ, ಮತ್ತೆ ಬಿಚ್ಚಿದೆ.

ನೀವು ಕೊನೆಯ ಸಲ ಬಿತ್ತಿದ್ದು ನಾನು ಬಾಣಲೆಯಲ್ಲಿ ಬಿಸಿ ಮಾಡಿದ ಬೀಜ. ಅಡುಗೆಯ ಕಾಳಿಗೆ ಹುಳು ಬಿದ್ದಿತ್ತು, ಬೆಚ್ಚಗೆ ಮಾಡಿ ಇಟ್ಟೆ. ಬೀಜದ ಮಡಕೆಗೂ ಬೀಳದಿರಲಿ ಅಂತ, ನಿಮ್ಮ ಅಪ್ಪನ ಕಾಲದಿಂದ ಉಳಿಸಿಕೊಂಡು ಬಂದ ಆ ಬೀಜವನ್ನೂ ಹಾಗೇ ಮಾಡಿದೆ. ಒಂದು ಕಾಳೂ ಕೆಂಪಾಗಲಿಲ್ಲ, ಹುರಿದ ವಾಸನೆ ಬರಲಿಲ್ಲ, ನಿಮಗೆ ತಿಳಿಯಲಿಲ್ಲ. ನೀವು ಬಿತ್ತಿ ಒಂಬತ್ತು ದಿನವಾದರೂ ಏನೂ ಏಳದಾಗ ಮಡಕೆಯ ತಳದಲ್ಲಿ ಉಳಿದದ್ದನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿದೆ. ಉಬ್ಬಿ ನಾರಿದವು, ಒಂದೂ ಬಾಯಿ ಬಿಡಲಿಲ್ಲ. ಹೇಳಲೆಂದೇ ಅಂಗಳಕ್ಕೆ ಬಂದಿದ್ದೆ. ಆಗ ನೀವು ಆ ಮಾತು ಆಡಿದಿರಿ. ಅದು ನೆಪವಲ್ಲ. ಮರುದಿನ ಹೇಳಬಹುದಿತ್ತು, ಅದರ ಮರುದಿನವೂ. ನೀವು ಪೆಟ್ಟಿಗೆ ಎತ್ತಿಕೊಂಡು ಹೊಸಿಲು ದಾಟುವಾಗಲೂ ಹೇಳಬಹುದಿತ್ತು. ಈ ಉಪವಾಸ ನೀವು ಹಿಂದಿರುಗಲಿ ಅಂತ ಮಾಡುತ್ತಿದ್ದೇನೆ ಎಂದು ಜನ ತಿಳಿದಿದ್ದಾರೆ. ದೇವರಿಗೆ ಗೊತ್ತು ಏತಕ್ಕೆ ಅಂತ.

ಗೂಡಿನವರ ಕಾಗದಕ್ಕೆ ರುಜು ಹಾಕಿದ್ದೇನೆ. ಕೆಡಿಸಿದವಳು ನಾನು, ಕೊಡುವುದಿಲ್ಲ ಅನ್ನುವ ಬಾಯಿ ನನಗಿಲ್ಲ. ಅದನ್ನು ಆ ಬೀಜದ ಖಾಲಿ ಮಡಕೆಯಲ್ಲಿಟ್ಟಿದ್ದೇನೆ. ಹೊಸ ಬೀಜದ ಚೀಲ ಅದರ ಪಕ್ಕದಲ್ಲಿದೆ. ನೀವು ಇದನ್ನು ಓದುವ ಮೊದಲೇ ಗುಮಾಸ್ತನ ಕೈಗೆ ಮಾತ್ರ ಕೊಡಲಾರೆ. ನೆಲದಲ್ಲಿ ಬಿತ್ತುವ ಹಸಿ ಇನ್ನು ಎಂಟು ದಿನ ಇರುತ್ತದೆ. ಇಷ್ಟು ಓದಿದ ಮೇಲೂ ಮಣ್ಣು ಕೊಡುವುದೇ ಸರಿ ಅನಿಸಿದರೆ, ಅಷ್ಟರೊಳಗೆ ಯಾರನ್ನಾದರೂ ಕಳಿಸಿ, ರುಜು ಹಾಕಿದ ಆ ಕಾಗದ ಒಯ್ಯಲಿ. ಯಾರೂ ಬಾರದಿದ್ದರೆ ಬಿತ್ತುತ್ತೇನೆ.