ಮೂರು ತುಂಡು ಸೀಮೆಸುಣ್ಣ

ತಾರೀಖು ಇಪ್ಪತ್ತೊಂದು, ಭಾನುವಾರ

ಬಾಯಿಬಡಕಿಗೆ,

ಆಶೀರ್ವಾದ ಕೊನೆಯಲ್ಲಿ ಬರೆಯುತ್ತೇನೆ, ಮೊದಲು ಬೈಗುಳ ತಗೋ. ನಿನಗೆ ಬುದ್ಧಿ ಅನ್ನುವುದು ಇದೆಯಾ, ಇಲ್ಲ ಕೆಲಸಕ್ಕೆ ಸೇರಿದ ದಿನವೇ ಅದನ್ನು ಡಾಕ್ಟರ ಮೇಜಿನ ಮೇಲೆ ಇಟ್ಟು ಬಂದೆಯಾ? ಹನ್ನೊಂದು ದಿನದಿಂದ ಜ್ವರ, ರಾತ್ರಿಯೆಲ್ಲ ಕೆಮ್ಮು, ಆದರೂ ಒಂದು ದಿನವೂ ರಜೆ ಹಾಕಿಲ್ಲ ಅಂತ ಬಹುಮಾನ ಗೆದ್ದವಳ ಹಾಗೆ ಬರೆದಿದ್ದೀಯಲ್ಲ, ಓದುತ್ತಾ ಓದುತ್ತಾ ನನ್ನ ಕೈ ನಿನ್ನ ಕಿವಿ ಹುಡುಕಿತು. ಇಲ್ಲಿಂದ ಎಟುಕಲಿಲ್ಲ, ಬಚಾವಾದೆ.

ಅಲ್ಲ ಕಣೇ, ನೀನು ಕೆಲಸ ಮಾಡುವುದು ಇಟ್ಟಿಗೆ ಗೂಡಿನಲ್ಲಾ? ಡಾಕ್ಟರ ಹತ್ತಿರ. ಆ ಮನುಷ್ಯ ಊರಿನವರಿಗೆಲ್ಲ ಇವರಿಗೆ ಮೂರು ದಿನ ವಿಶ್ರಾಂತಿ ಬೇಕು ಅಂತ ಚೀಟಿ ಬರೆದುಕೊಡುತ್ತಾನೆ, ಆ ಚೀಟಿಗೆ ಮೊಹರು ಒತ್ತುವವಳು ನೀನು. ಕಂಡಕಂಡವರಿಗೆ ರಜೆ ಒತ್ತಿಕೊಡುವ ಕೈಗೆ ತನಗೊಂದು ಕೇಳಲು ಬರುವುದಿಲ್ಲ. ಕೆಮ್ಮು ಬಂದಾಗ ಹಿಂದಿನ ಮೆಟ್ಟಿಲಿಗೆ ಓಡಿಹೋಗಿ ಶಾಲಿನಲ್ಲಿ ಬಾಯಿ ಮುಚ್ಚಿಕೊಂಡು ಕೆಮ್ಮುತ್ತೀಯಂತೆ. ಸರ್, ನಾಳೆ ಒಂದು ದಿನ ರಜೆ ಅಂತ ಕನ್ನಡಿ ಮುಂದೆ ಏಳು ಸಲ ಅಭ್ಯಾಸ ಮಾಡಿದೆಯಂತೆ, ಒಳಗೆ ಹೋದ ಮೇಲೆ ಸರ್, ಫ್ಯಾನ್ ಜೋರು ಮಾಡಲಾ ಅಂದೆಯಂತೆ. ಮೂರು ವರ್ಷದವಳಿದ್ದಾಗ ಬಸ್ಸಿನ ಕಂಡಕ್ಟರಿಗೆ ನಿನ್ನ ಮೀಸೆ ಸೊಟ್ಟಗಿದೆ ಅಂದವಳು ನೀನೇನಾ?

ಬೈದರೆ ತಡೆದುಕೊಳ್ಳಬಹುದು ಅಜ್ಜಿ, ಡಾಕ್ಟರು ಬೈಯುವುದಿಲ್ಲ, ಯಾರು ರಜೆ ಕೇಳಿದರೂ ಹೌದಾ ಅಂದು ಗಡಿಯಾರ ನೋಡುತ್ತಾರೆ ಅಂತ ಬರೆದಿದ್ದೀಯ. ಆ ಒಂದು ಸಾಲಿಗೆ ಮಾತ್ರ ನಾನು ನಿನ್ನನ್ನು ಬೈಯಲಾರೆ. ಯಾಕೆ ಅಂತ ಹೇಳುತ್ತೇನೆ, ಆದರೆ ನಿನ್ನ ಅಮ್ಮನ ಕಿವಿಗೆ ಬಿತ್ತೋ, ನೋಡಿಕೋ ಮತ್ತೆ.

ಈ ಹೊಲಿಗೆ ಅಂಗಡಿಯಲ್ಲಿ ಇಪ್ಪತ್ತಾರು ವರ್ಷದಿಂದ ಗುಂಡಿ ಹಚ್ಚುವುದು, ಕಾಜಾ ಹೊಲಿಯುವುದು ನನ್ನ ಕೆಲಸ ಅಂತ ನಿನಗೆ ಗೊತ್ತು. ಇರುವ ಕೋಣೆಯೂ ಅಂಗಡಿಯ ನೆತ್ತಿಯ ಮೇಲೆ, ಯಜಮಾನನದೇ. ಕೆಲಸ ಇರುವವರೆಗೆ ಕೋಣೆ. ಬೆಳಿಗ್ಗೆ ನಾನು ಎದ್ದು ಓಡಾಡಿದರೆ ನೆಲದ ಹಲಗೆ ಕಿರುಗುಟ್ಟುತ್ತದೆ, ಅಜ್ಜಿ ಎದ್ದರು ಅಂತ ಕೆಳಗೆ ಕಟಿಂಗ್ ಮಾಸ್ತರ ಸಾರುತ್ತಾನೆ. ಹಲಗೆ ಸುಮ್ಮನಿದ್ದರೆ ಎಲ್ಲರೂ ಕತ್ತೆತ್ತಿ ಮೇಲೆ ನೋಡುತ್ತಾರೆ. ಹಾಗಾಗಿ ಹುಷಾರಿಲ್ಲದ ದಿನ ಬೇಗ ಎದ್ದು ನಾಲ್ಕು ಸುತ್ತು ಜೋರಾಗಿ ನಡೆದು, ಮತ್ತೆ ಹೋಗಿ ಒಂದು ಗಳಿಗೆ ಮಲಗುತ್ತೇನೆ.

ನಮ್ಮ ಇಸ್ತ್ರಿಯವನು ನೆನಪಿದ್ದಾನಾ, ಆ ಕುಳ್ಳ? ಹೋದ ವರ್ಷ ಸೊಂಟ ಹಿಡಿದುಕೊಂಡಿದೆ ಅಂತ ಎರಡು ದಿನ ರಜೆ ಕೇಳಿದ. ಯಜಮಾನ ಕೆಮ್ಮಲೂ ಇಲ್ಲ, ಕ್ಯಾಕರಿಸಲೂ ಇಲ್ಲ. ಆರಾಮ ತಗೋಪ್ಪಾ, ಆರೋಗ್ಯ ಮೊದಲು ಅಂದ. ಬೆನ್ನು ಬೇರೆ ತಟ್ಟಿದ. ಮೂರನೇ ದಿನ ಇವನು ಬಂದು ನೋಡಿದರೆ ಇಸ್ತ್ರಿ ಮೇಜಿನ ಮುಂದೆ ಇನ್ನೊಬ್ಬ ನಿಂತಿದ್ದ. ಪಾಪ, ಕುಳ್ಳ ಈಗಲೂ ಆರಾಮ ತಗೊಳ್ಳುತ್ತಲೇ ಇದ್ದಾನೆ.

ಈಗ ನನ್ನ ವಿಷಯ. ಎಡಗಣ್ಣಿಗೆ ಸ್ವಲ್ಪ ಪೊರೆ ಬಂದಿದೆ. ಗಾಬರಿಯಾಗಬೇಡ, ಹಾಲಿನ ಮೇಲೆ ಕೆನೆ ಕಟ್ಟಿದ ಹಾಗೆ, ಅಷ್ಟೇ. ಬಲಗಣ್ಣು ಗಟ್ಟಿಯಾಗಿದೆ. ಒಂದು ದಿನ ಕಣ್ಣಿನ ಆಸ್ಪತ್ರೆಗೆ ಹೋಗಿ ತೋರಿಸಬಹುದು. ಆದರೆ ಗುಂಡಿ ಹಚ್ಚುವವಳು ಕಣ್ಣಿಗೆ ಅಂತ ರಜೆ ಕೇಳುವುದೂ ಒಂದೇ, ಇನ್ನು ನನ್ನಿಂದ ಆಗುವುದಿಲ್ಲ ಅಂತ ಬರೆದುಕೊಡುವುದೂ ಒಂದೇ. ಅದಕ್ಕೆ ಬೆರಳಿಗೇ ಎಲ್ಲ ಕಲಿಸಿದೆ. ಪೆಟ್ಟಿಗೆಯಲ್ಲಿ ದಾರದ ಉಂಡೆಗಳ ಸಾಲು, ಎಡಗಡೆ ಮೊದಲನೆಯದು ಕಪ್ಪು, ಅದರ ಪಕ್ಕ ಕಡುನೀಲಿ, ಆಮೇಲೆ ಕಂದು. ಗುಂಡಿಗಳೂ ಅದೇ ವರಸೆಯಲ್ಲಿ ಡಬ್ಬಿ ಡಬ್ಬಿ. ಸೂಜಿಗೆ ದಾರ ಏರಿಸಲು ತಂತಿಯ ಕುಣಿಕೆ ಇದೆ. ಯಾರಿಗೂ ಗೊತ್ತಾಗಿರಲಿಲ್ಲ.

ಹೋದ ತಿಂಗಳು ಒಂದು ಮಧ್ಯಾಹ್ನ ತಲೆಸುತ್ತು ಬಂದು ಮೇಲೆ ಹೋಗಿ ಮಲಗಿದೆ. ಎರಡೇ ಗಂಟೆ. ಅಷ್ಟರಲ್ಲಿ ಯಜಮಾನನ ಹೆಂಡತಿ, ಒಳ್ಳೆಯ ಹೆಂಗಸು, ಇಂಥದೆಲ್ಲ ಒಳ್ಳೆಯವರ ಕೈಯಿಂದಲೇ ಆಗುವುದು, ಅಯ್ಯೋ ಅಜ್ಜಿಯ ಪೆಟ್ಟಿಗೆಯಲ್ಲಿ ಎಷ್ಟು ಧೂಳು ಅಂತ ಎಲ್ಲ ತೆಗೆದು ಒರೆಸಿ, ಉಂಡೆಗಳನ್ನು ಚೆಂದ ಕಾಣುವ ಹಾಗೆ ಜೋಡಿಸಿ, ಅರ್ಧರ್ಧ ಇದ್ದ ಕಪ್ಪು, ನೀಲಿ ಗುಂಡಿಗಳನ್ನು ಒಂದೇ ಡಬ್ಬಿಗೆ ಸುರಿದಿದ್ದಾಳೆ. ನಾನು ಇಳಿದು ಬಂದವಳು ಎಂದಿನ ಹಾಗೆ ಕೈ ಹಾಕಿದೆ. ವಕೀಲರ ಕರೀ ಕೋಟಿಗೆ ಮೂರು ಕರೀ ಗುಂಡಿ, ಒಂದು ನೀಲಿ ಗುಂಡಿ ಹಚ್ಚಿ ಕಳಿಸಿದೆ. ಅವತ್ತು ದೀಪ ಮಂದ ಇತ್ತು, ಯಾರಿಗಾದರೂ ಆಗುವಂಥದೇ. ವಕೀಲರು ಅದನ್ನು ತೊಟ್ಟು ಕೋರ್ಟಿನಲ್ಲಿ ನಿಂತು ಗಂಟಲು ಸರಿಮಾಡಿಕೊಂಡರೆ, ಎದುರು ಕಡೆಯವರು ಅವರ ಮಾತು ಬಿಟ್ಟು ಹೊಟ್ಟೆಯನ್ನೇ ನೋಡುತ್ತಿದ್ದರಂತೆ.

ಯಜಮಾನ ಆ ಕೋಟು ತಂದು ನನ್ನ ಮಡಿಲಲ್ಲಿ ಇಟ್ಟ. ಬೈಯುತ್ತಾನೆ ಅಂತ ತಿರುಗಿ ಅನ್ನಲು ನಾಲ್ಕು ಮಾತು ಜೋಡಿಸಿಕೊಂಡಿದ್ದೆ. ಬೈಯಲಿಲ್ಲ. ಆಯಾಸ ಆಗಿರಬೇಕು ಅಜ್ಜಿ, ನಾಲ್ಕು ದಿನ ಆರಾಮ ತಗೊಳ್ಳಿ ಅಂದ. ಕುಳ್ಳನಿಗೆ ಅಂದದ್ದೂ ಇದೇ ಮಾತು. ಆಯಾಸವಾ, ನನಗಾ ಅಂತ ದೊಡ್ಡದಾಗಿ ನಕ್ಕುಬಿಟ್ಟೆ. ಅವತ್ತು ಸಂಜೆಯವರೆಗೆ ನೀರು ಕುಡಿಯಲೂ ಏಳಲಿಲ್ಲ.

ಆಮೇಲೆ, ಏನಾದರಾಗಲಿ ರಜೆ ಕೇಳಿಯೇ ಬಿಡೋಣ ಅಂತ ಅವನ ಮೇಜಿನವರೆಗೆ ಮೂರು ಸಲ ಹೋದೆ. ಮೊದಲ ಸಲ ಅವನು ತಲೆ ಎತ್ತಿ ಏನಜ್ಜೀ ಅಂದ. ನನ್ನ ಬಾಯಿಂದ ಒಂದು ಸೀಮೆಸುಣ್ಣ ಬೇಕಿತ್ತು ಅಂತ ಬಂತು. ಕೊಟ್ಟ. ಎರಡನೇ ಸಲವೂ ಸೀಮೆಸುಣ್ಣ. ಮೂರನೇ ಸಲ, ಬಟ್ಟೆ ಕತ್ತರಿಸುವ ಮಾಸ್ತರನಿಗೇ ಇಷ್ಟು ಬೇಡ, ಗುಂಡಿ ಹಚ್ಚುವವರಿಗೆ ಯಾಕೆ, ಮೇಲೆ ಶಾಲೆ ತೆರೆದಿದ್ದೀರಾ ಅಂತ ಕೇಳಿ ಇನ್ನೊಂದು ಕೊಟ್ಟ. ಮೂರೂ ಇಲ್ಲೇ ಕಿಟಕಿಯ ಅಂಚಿನಲ್ಲಿ ಕೂತು ನನ್ನನ್ನು ನೋಡುತ್ತಿವೆ. ನಿನ್ನ ಫ್ಯಾನಿಗೂ ನನ್ನ ಸೀಮೆಸುಣ್ಣಕ್ಕೂ ಏನು ವ್ಯತ್ಯಾಸ ಹೇಳು. ಮೇಲೆ ಬೈದದ್ದರಲ್ಲಿ ಅರ್ಧ ವಾಪಸ್ ತಗೊಂಡೆ. ಅರ್ಧ ಮಾತ್ರ.

ನಿನ್ನ ಕಾಗದ ಓದಿದ ಮೇಲೆ ನಾಲ್ಕನೇ ಸಲ ಹೋದೆ. ಏನಜ್ಜೀ, ಸೀಮೆಸುಣ್ಣವಾ ಅಂದ. ಇಲ್ಲಪ್ಪ, ಮೊಮ್ಮಗಳಿಗೆ ಹನ್ನೊಂದು ದಿನದಿಂದ ಜ್ವರ, ನೋಡಿಕೊಳ್ಳುವವರಿಲ್ಲ, ಒಂದು ದಿನ ಹೋಗಿ ಬರಬೇಕು ಅಂದೆ. ಒಂದು ಕಡೆಯೂ ತಡವರಿಸಲಿಲ್ಲ ಕಣೇ. ಅವನು ಪೆನ್ನು ಕೆಳಗಿಟ್ಟ. ಅಯ್ಯೋ ಪಾಪ, ಹೋಗಿ ಬನ್ನಿ, ಒಂದನೇ ತಾರೀಖಿಗೆ ವಕೀಲರ ಇನ್ನೊಂದು ಕೋಟು ಮುಗಿಸಿಕೊಟ್ಟು ಆ ವಾರ ಯಾವ ದಿನ ಬೇಕಾದರೂ ಹೋಗಿ ಅಂದ. ನೋಡಿದೆಯಾ, ಹುಷಾರಿಲ್ಲ ಅಂತ ನಾನಂದರೆ ಮುದುಕಿಯ ಕೆಲಸ ಮುಗಿಯಿತು ಅಂತ, ನಿನಗೆ ಹುಷಾರಿಲ್ಲ ಅಂದರೆ ಅಯ್ಯೋ ಪಾಪ ಅಂತ.

ಅದಕ್ಕೆ ನೀನೂ ಹಾಗೇ ಮಾಡು. ಈ ಕಾಗದ ಮಡಿಸಿಟ್ಟು ಡಾಕ್ಟರ ಮುಂದೆ ಹೋಗಿ ನಿಲ್ಲು. ಫ್ಯಾನಿನ ಕಡೆ ನೋಡಬೇಡ. ನಮ್ಮ ಅಜ್ಜಿಗೆ ಕಣ್ಣು ಕಾಣುವುದಿಲ್ಲ, ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು, ಒಂದನೇ ತಾರೀಖು ಕಳೆದ ಮೇಲೆ ಆ ವಾರದಲ್ಲಿ ಒಂದು ದಿನ ಬೇಕು ಅನ್ನು. ಸ್ವಲ್ಪ ಹೆಚ್ಚು ಮಾಡಿಯೇ ಹೇಳು, ಪೂರ್ತಿ ಕಾಣುವುದಿಲ್ಲ ಅನ್ನು, ನನಗೇನೂ ಬೇಜಾರಿಲ್ಲ. ಅವತ್ತು ಬೆಳಿಗ್ಗೆ ನಾನು ನಿನ್ನನ್ನು ಎಳೆದುಕೊಂಡು ಹೋಗಿ ಬೇರೆ ಡಾಕ್ಟರಿಗೆ ಎದೆ ತೋರಿಸುತ್ತೇನೆ, ಮಧ್ಯಾಹ್ನ ನೀನು ನನ್ನ ಕಣ್ಣು ತೋರಿಸು. ಇಬ್ಬರೂ ಸುಳ್ಳು ಹೇಳಿದ ಹಾಗಾಗಲಿಲ್ಲ. ಅಲ್ಲಿಯವರೆಗೆ ಜ್ವರ ನಮ್ಮ ಅಂಗಡಿ ಯಜಮಾನನ ಅನುಕೂಲ ನೋಡಿ ಕಾಯುವುದಿಲ್ಲ ಅಂತ ನನಗೂ ಗೊತ್ತು. ಔಷಧಿ ಅಂಗಡಿಯವರಿಗೆ ಹೇಳಿ ಮಾತ್ರೆಯಾದರೂ ತಗೋ.

ಒಂದೇ ಹೆದರಿಕೆ. ನಾನಿಲ್ಲದ ದಿನ ನನ್ನ ಜಾಗದಲ್ಲಿ ತಾನೇ ಕೂರುತ್ತೇನೆ ಅಂತ ಯಜಮಾನನ ಹೆಂಡತಿ ಈಗಲೇ ಕುಣಿಯುತ್ತಿದ್ದಾಳೆ. ಪೆಟ್ಟಿಗೆಗೆ ದಪ್ಪ ಬಟ್ಟೆ ಸುತ್ತಿ ನಾಲ್ಕೂ ಕಡೆ ಒತ್ತೊತ್ತಾಗಿ ಹೊಲಿದು ಬರುತ್ತೇನೆ, ಬಿಚ್ಚುವುದರೊಳಗೆ ಸಂಜೆಯಾಗಬೇಕು. ಆದರೂ ಒಂದು ದಿನ ಎದ್ದುಹೋದರೆ ಬಂದಾಗ ಕುರ್ಚಿ ಇರುತ್ತದೋ ಇಲ್ಲವೋ, ಇಪ್ಪತ್ತಾರು ವರ್ಷ ಕೂತವಳಿಗೂ ಗೊತ್ತಿಲ್ಲ. ಕುರ್ಚಿ ಹೋದರೆ ಕೋಣೆ ಹೋಯಿತು. ಕೋಣೆ ಹೋದರೆ ನಿನ್ನ ಅಮ್ಮನ ಮನೆಯ ಸೋಫಾದ ಮೂಲೆ. ಅಳಿಯ ಒಳ್ಳೆಯವನೇ, ಆದರೆ ಅವನು ಟಿವಿಯ ಜೊತೆ ಜಗಳ ಆಡುವುದನ್ನು ಉಳಿದ ಆಯುಸ್ಸೆಲ್ಲ ಕೇಳುತ್ತಾ ಕೂರಲು ನನ್ನಿಂದಾಗದು.

ಫೋನು ಮಾಡಬೇಡ, ಅದು ಯಜಮಾನನ ಮೇಜಿನ ಮೇಲಿದೆ. ಕಾಗದವೇ ಬರೆ, ದಪ್ಪ ಅಕ್ಷರದಲ್ಲಿ ಬರೆ. ನಿನ್ನದು ಇರುವೆ ಸಾಲು, ಹೋದ ಕಾಗದ ಓದಿ ಮುಗಿಸಲು ಮೂರು ದಿನ ಹಿಡಿಯಿತು. ನನ್ನ ಸಾಲು ಡೊಂಕಾಗಿದೆ ಅಂತ ನಗಬೇಡ, ಹಳ್ಳಿ ಶಾಲೆಯಲ್ಲಿ ನಾಲ್ಕನೇ ಕ್ಲಾಸಿಗೆ ಬಿಟ್ಟವಳು ಇದಕ್ಕಿಂತ ನೆಟ್ಟಗೆ ಬರೆಯಲಾರಳು.

ಬಿಸಿನೀರು ಕುಡಿ. ಮೆಟ್ಟಿಲಿಗೆ ಓಡಬೇಡ, ಡಾಕ್ಟರ ಕಿವಿಗೆ ಬೀಳುವ ಹಾಗೆ ಅಲ್ಲೇ ಕೆಮ್ಮು. ಆಶೀರ್ವಾದ ಇಲ್ಲಿದೆ, ಬೇಕಾದಷ್ಟು ತಗೋ.

ನಿನ್ನ
ಅಜ್ಜಿ

ಬಿಟ್ಟುಹೋದ ಮಾತು: ಲಕೋಟೆಯೊಳಗೆ ಒಂದು ಬಟ್ಟೆ ಪೊಟ್ಟಣ ಇದೆ, ಬಿಚ್ಚುವಾಗ ಚೆಲ್ಲಬೇಡ. ಆ ಕಲಸಿಹೋದ ಡಬ್ಬಿಯ ಹನ್ನೆರಡು ಗುಂಡಿ ಇವೆ. ಅದರಲ್ಲಿ ಕಪ್ಪು ಯಾವುದು ನೋಡಿ, ಅವನ್ನು ಮಾತ್ರ ದಾರಕ್ಕೆ ಪೋಣಿಸಿ ಕಳಿಸು. ವಕೀಲರ ಕೋಟಿಗೆ ನಾಲ್ಕು ಬೇಕು. ಇಲ್ಲಿ ಯಾರನ್ನು ಕೇಳಿದರೂ ಯಜಮಾನನನ್ನೇ ಕೇಳಿದ ಹಾಗೆ. ಮಧ್ಯಾಹ್ನದ ಬಿಸಿಲಿಗೆ ಒಂದೊಂದನ್ನೇ ಹಿಡಿದು ನೋಡಿದೆ. ಬಲಗಣ್ಣಿನಲ್ಲೂ ನೋಡಿದೆ. ಗುಂಡಿಗಳೂ, ನಿನಗೆ ರಜೆ ಸಿಕ್ಕ ದಿನ ಯಾವುದು ಅನ್ನುವ ಉತ್ತರವೂ ಮುಂದಿನ ತಿಂಗಳು ಹುಟ್ಟುವ ಮೊದಲು ನನ್ನ ಕೈಯಲ್ಲಿರಬೇಕು.