ಅಬ್ಬಲಿಗೆಯ ಬೆಂಡೋಲೆ

ಬಿಬ್ವೇವಾಡಿ, ಪುಣೆ
11 ಫೆಬ್ರುವರಿ 1998

ಪ್ರೀತಿಯ ತಮ್ಮ ಮುರುಗೆಪ್ಪನಿಗೆ ಅಕ್ಕನ ಆಶೀರ್ವಾದ.

ನಿನ್ನ ಮಂಡಿನೋವು ಹೇಗಿದೆ? ಮಗಳ ಮದುವೆಯ ಓಡಾಟದಲ್ಲಿ ಎಣ್ಣೆ ತಿಕ್ಕಿಕೊಳ್ಳುವುದನ್ನು ಬಿಟ್ಟಿರುತ್ತೀ, ನನಗೆ ಗೊತ್ತು. ಜಮಖಂಡಿಯ ಮನೆಯಲ್ಲಿ ಸುಣ್ಣಬಣ್ಣ, ಶಾವಿಗೆ, ಹಪ್ಪಳ ಎಂದು ಗದ್ದಲ ಎದ್ದಿರಬೇಕು. ಮದುಮಗಳು ನಮ್ಮ ಇಂದೂ ಹೊತ್ತಿಗೆ ಸರಿಯಾಗಿ ಉಣ್ಣುತ್ತಾಳೋ ಇಲ್ಲವೋ ನೋಡಿಕೋ. ನಾನು ಗಟ್ಟಿಯಾಗಿದ್ದೇನೆ. ಸಿಟ್ಟು ಬಂದರೆ ಇನ್ನಷ್ಟು ಗಟ್ಟಿಯಾಗುತ್ತೇನೆ, ಅದೂ ನಿನಗೆ ಗೊತ್ತು.

ಇಂದೂಗೆಂದು ನಾನು ಮಾಡಿ ಕಳಿಸಿದ ಬೆಂಡೋಲೆಗಳನ್ನು ನೀನು ವಾಪಸು ಕಳಿಸಿದ್ದು ನಿನ್ನೆ ಕೈಸೇರಿತು. ಜೊತೆಗಿದ್ದ ಚೀಟಿಯನ್ನೂ ಓದಿದೆ. "ಅಕ್ಕಾ, ತಪ್ಪು ತಿಳೀಬ್ಯಾಡ. ಶಿವಪ್ಪ ಮಾವಾರು ಹೋದ ಮ್ಯಾಲೆ ನಿನ್ನ ಕೈಲೆ ಮಾಡಿದ್ದು ಮದುಮಗಳ ಮೈಮ್ಯಾಲೆ ಬ್ಯಾಡ ಅಂತಾರ ಮನ್ಯಾಗ. ಜನಾ ಏನಂದಾರು? ನೀ ಲಗ್ನಕ್ಕ ಬಾ, ಒಳಗ ಅಡಗಿಮನಿ ನೋಡ್ಕೋ." ಆಹಾ, ಎಂಥ ದೊಡ್ಡ ಮನಸ್ಸಪ್ಪಾ ನಿನ್ನದು! ಬಸವಣ್ಣನ ಪಟದ ಕೆಳಗೆ ಕೂತೇ ಇದನ್ನು ಬರೆದೆಯಾ? ಕೊರಳಲ್ಲಿ ಲಿಂಗ ಕಟ್ಟಿಕೊಂಡ ನಮ್ಮ ಮನೆಗೆ ಈ ಮೈಲಿಗೆ ಎಲ್ಲಿಂದ ಬಂತು? ವಿಧವೆ ಎಂಬ ಮಾತು ಬರೆಯಲು ಮಾತ್ರ ನಿನಗೆ ನಾಚಿಕೆಯಾಗಿದೆ. ಆ ನಾಚಿಕೆಯನ್ನಾದರೂ ಪೂರ್ತಿ ಪಡಬೇಕಿತ್ತು. ಚೀಟಿ ಓದಿ ಅತ್ತೆ, ಸುಳ್ಳು ಯಾಕೆ ಹೇಳಲಿ. ಅತ್ತು ಮುಗಿಸಿ ಚಹಾ ಕುಡಿದು ಈ ಪತ್ರಕ್ಕೆ ಕೂತಿದ್ದೇನೆ.

ಆ ಬೆಂಡೋಲೆ ಹೇಗಾಯಿತೆಂದು ನಿನಗೇನು ಗೊತ್ತು? ನಿನ್ನ ಮಾವ, ನನ್ನ ಯಜಮಾನರು, ಹೋದರೆಂದು ಅವರು ನೆಟ್ಟ ಗಿಡಗಳೇನೂ ಹೂಬಿಡುವುದನ್ನು ನಿಲ್ಲಿಸಲಿಲ್ಲ. ಇನ್ನು ಮುಡಿಯುವಂತಿಲ್ಲ ಎಂದು ಎಲ್ಲರೂ ಹೇಳಿದಿರಿ, ನಾನೂ ತಲೆಬಗ್ಗಿಸಿ ಕೇಳಿದೆ. ಅಷ್ಟೂ ಹೂವು ಉದುರಿ ಕಸಬರಿಗೆಗೆ ಬರುತ್ತಿತ್ತು. ಗುಡಿಸಿ ಚೆಲ್ಲಲು ಮನಸ್ಸು ಬರುತ್ತಿರಲಿಲ್ಲ. ಪಕ್ಕದ ಮನೆಯ ಅಪೇಕ್ಷಾ ಕಾಲೇಜಿನಲ್ಲಿ ಹೂ ಒತ್ತಿ ಚಿತ್ರ ಮಾಡುವುದನ್ನು ಕಲಿತಿದ್ದಳು, ನನಗೂ ಹೇಳಿಕೊಟ್ಟಳು. ನಾನು ಮೊದಲು ಒತ್ತಿದ್ದು ಮಲ್ಲಿಗೆ. ನಮ್ಮವರಿಗೆ ಹೂವೆಂದರೆ ಮಲ್ಲಿಗೆಯೇ ತಾನೆ! ತೆಗೆದು ನೋಡಿದರೆ ಸೋಸಿ ಚೆಲ್ಲಿದ ಚಹಾಪುಡಿಯ ಬಣ್ಣ. ಅಪೇಕ್ಷಾ ಬಿದ್ದು ಬಿದ್ದು ನಕ್ಕಳು. ಅಬ್ಬಲಿಗೆ ಮಾತ್ರ ತನ್ನ ಕೇಸರಿ ಬಣ್ಣ ಬಿಟ್ಟುಕೊಡಲಿಲ್ಲ. ಇಬ್ಬನಿ ಆರಿದ ಮೇಲೆ ಬಿಡಿಸಿ, ಹಳೆಯ ಪೇಪರಿನ ನಡುವೆ ಹರಡಿ, ಮೇಲೆ ಅವ್ವ ಕೊಟ್ಟ ಬೀಸುಕಲ್ಲು ಹೇರುತ್ತೇನೆ. ಅದರಲ್ಲಿ ಜೋಳ ಬೀಸಿ ಯಾವ ಕಾಲವಾಯಿತೋ! ಒಣಗಿದ್ದನ್ನು ಚಿಮಟದಿಂದ ಎತ್ತಿ ಹಿತ್ತಾಳೆಯ ಪುಟ್ಟ ಬಿಲ್ಲೆಯ ಮೇಲಿಟ್ಟು, ಗಾಜಿನಂತೆ ಗಟ್ಟಿಯಾಗುವ ಅಂಟು ಹೊಯ್ದು, ಎದ್ದ ಗುಳ್ಳೆಗಳನ್ನು ಸೂಜಿಯಿಂದ ಒಡೆಯುತ್ತಾ ಕೂರಬೇಕು. ಉಸಿರು ಜೋರಾಗಿ ಬಿಟ್ಟರೂ ಎಸಳು ಹಾರಿಹೋಗುತ್ತದೆ. ಮಹಿಳಾ ಮಂಡಳದ ಪ್ರದರ್ಶನದಲ್ಲಿ ಇಲ್ಲಿಯ ಹೆಂಗಸರು "ಕಿತೀ ಸುಂದರ್ ದಿಸ್ತಂಯ್!" ಎಷ್ಟು ಚೆಂದ ಕಾಣುತ್ತೆ ಎನ್ನುತ್ತಾ ಕಿವಿಗೆ ಹಾಕಿಕೊಂಡೇ ಮನೆಗೆ ಹೋದರು. ಅವರ ಗಂಡಂದಿರೆಲ್ಲ ಇವತ್ತಿಗೂ ಆರಾಮಾಗಿ ಆಫೀಸಿಗೆ ಹೋಗಿಬರುತ್ತಿದ್ದಾರೆ.

ಇಂದೂನನ್ನು ತೊಟ್ಟಿಲಿಗೆ ಹಾಕಿದ ದಿನ ನೆನಪಿದೆಯೇ? ಸೋದರತ್ತೆ ನಾನೇ ಎಂದು ನೀನೇ ನನ್ನನ್ನು ಪುಣೆಯಿಂದ ಕರೆಸಿದ್ದೆ. ನಾನು ಬಗ್ಗಿ ಅವಳ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳಿದಾಗ ಓಣಿಯ ಹೆಂಗಸರೆಲ್ಲ ಪದ್ಧತಿಯಂತೆ ನನ್ನ ಬೆನ್ನಿಗೆ ದಬದಬ ಗುದ್ದಿದರು. ನಿನ್ನ ಹೆಂಡತಿಯ ಅಕ್ಕ ಹಾಕಿದ ಗುದ್ದು ಪುಣೆಗೆ ಬಂದ ಮೇಲೂ ನೋಯುತ್ತಿತ್ತು. 'ಆಗ ನೀನು ಮುತ್ತೈದೆಯಾಗಿದ್ದೆ' ಅನ್ನುತ್ತೀ, ಅಲ್ಲವೇ? ಹಾಗಾದರೆ ಈಗ ಅವಳ ಹೆಸರನ್ನೂ ಬದಲಿಸು, ಲಗ್ನಪತ್ರಿಕೆಯನ್ನು ಮತ್ತೆ ಅಚ್ಚು ಹಾಕಿಸು. ಅದು ಆಗದಿದ್ದರೆ ಕೇಳು: ನಾನು ಹೆಸರು ಹೇಳಿದ ಕಿವಿಗೆ ನಾನು ಮಾಡಿದ ಬೆಂಡೋಲೆ ನಾನೇ ಹಾಕುತ್ತೇನೆ. ಅಡಿಗೆಮನೆಯಲ್ಲಿ ಅಲ್ಲ, ಪಡಸಾಲೆಯಲ್ಲಿ, ಎಲ್ಲರ ಎದುರಿಗೆ.

ಇಂದೂ ಇವತ್ತು ಬೆಳಿಗ್ಗೆ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದ್ದಳು. "ಅತ್ತಿ, ನೀವು ಅವನ್ನ ತರಲಿಲ್ಲಂದ್ರ ನಾ ಬರೇ ಕಿವಿಲೆ ಲಗ್ನದ ಅಕ್ಕಿಕಾಳಿಗೆ ನಿಂದರ್ತೀನಿ ನೋಡ್ರಿ!" ಎಂದಳು. ಮಗಳು ನಿನ್ನವಳೇ, ಹಠ ಮಾತ್ರ ನನ್ನದು. ಅವಳನ್ನು ಬೈಯಬೇಡ.

ನಿನ್ನ ಹೆಂಡತಿಗೂ ನನ್ನ ಆಶೀರ್ವಾದ ಹೇಳು, ಅವಳು ಬೇಡವೆಂದರೂ. ಬಸವಣ್ಣ ನಿನ್ನ ಮಂಡಿಗೆ ಬಲ ಕೊಡಲಿ, ತಲೆಗೂ ಒಂದಿಷ್ಟು ಕೊಡಲಿ.

ನಿನ್ನ ಅಕ್ಕ,
ಚನ್ನಬಸವ್ವ

ತಾ.ಕ.: ಟಪಾಲಿನ ಹೊತ್ತಾಯಿತು, ಆದರೂ ಹೇಳಿಬಿಡುತ್ತೇನೆ. ಬರುವ ಮಂಗಳವಾರ ಬೆಳಿಗ್ಗೆ ಸ್ವಾರಗೇಟಿನಲ್ಲಿ ಬಸ್ಸು ಹತ್ತುತ್ತೇನೆ. ಅಂದು ಅರಳಿದ ಅಬ್ಬಲಿಗೆಯನ್ನು ಒತ್ತುವುದಿಲ್ಲ. ದಂಡೆ ಕಟ್ಟಿ ನನ್ನ ತಲೆಗೆ ಮುಡಿದುಕೊಂಡೇ ಬರುತ್ತೇನೆ. ಬಾಗಿಲಿಗೆ ಬೇರೆ ಯಾರನ್ನೂ ನಿಲ್ಲಿಸಬೇಡ. ತಡೆಯುವುದಿದ್ದರೆ ನೀನೇ ತಡೆ.